ಸಿಡೋನಿಯ ಬ್ರೂಜ್ ಪ್ರವಾಸ

ಕ್ಷಮಿಸುವುದು ದೊಡ್ಡ ಗುಣವೆಂದು ನಮ್ಮ ಪಾದ್ರಿಗಳು ಎರಡು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಸಿಡೋನಿ ಮುಂದಿನ ಬೆಂಚಿನಲ್ಲೇ ಕೂತು ಕೇಳುತ್ತಿದ್ದಳು, ಹೌದೌದು ಎಂದು ತಲೆಯನ್ನೂ ಆಡಿಸುತ್ತಿದ್ದಳು, ಮನೆಗೆ ಹೋಗಿ ಜೆರೋಮ್‌ನ ಮೇಲೆ ಹಲ್ಲು ಮಸೆಯುತ್ತಿದ್ದಳು. ನನಗೆ ಅವಳಲ್ಲಿ ಹಿಡಿಸಿದ್ದೇ ಅದು. ನಮ್ಮೂರಲ್ಲಿ ಮಿಕ್ಕವರ ಜಗಳ ಬೆಳಗ್ಗೆ ಹುಟ್ಟಿ ಸಂಜೆಗೆ ಸಾಯುವಂಥದ್ದು. ಯಾರ ಮೇಲೆ ಯಾಕೆ ಸಿಟ್ಟು ಬಂದಿತ್ತು ಎಂಬುದೇ ಮರೆತುಹೋಗುತ್ತದೆ. ಸಿಡೋನಿ ಬದುಕಿನಲ್ಲಿ ಒಂದೇ ಒಂದು ಹಗೆ ಇಟ್ಟುಕೊಂಡಳು. ಅದನ್ನು ಕೂಸಿನ ಹಾಗೆ ಸಾಕಿದಳು.

ನಾನು ಮಾರ್ಥಾ. ಲೇಯೆ ನದಿಯ ದಡದಲ್ಲಿ, ಚರ್ಚಿನ ಎದುರು, ಅಪ್ಪ ಬಿಟ್ಟುಹೋದ ಬಿಯರ್ ಅಂಗಡಿ ನನ್ನದು. ಊರಿನ ಪಾರಿವಾಳ ಸಂಘದ ಬಿಡಾರವೂ ಅದೇ. ಶುಕ್ರವಾರ ಗಂಡಸರು ಪಾರಿವಾಳಗಳನ್ನು ಬುಟ್ಟಿಯಲ್ಲಿ ತಂದು, ಕಾಲಿಗೆ ರಬ್ಬರ್ ಉಂಗುರ ಹಾಕಿಸಿ, ಫ್ರಾನ್ಸಿಗೆ ಹೋಗುವ ಲಾರಿಗೆ ಏರಿಸುವುದು ನನ್ನ ಬಾಗಿಲಲ್ಲಿ. ಅಲ್ಲಿಂದ ಬಿಟ್ಟ ಹಕ್ಕಿ ಮನೆಯ ಗೂಡಿಗೆ ಇಳಿದೊಡನೆ ಒಡೆಯ ಉಂಗುರ ಬಿಚ್ಚಿ, ಮುದ್ರೆ ಹಾಕಿದ ಗಡಿಯಾರದ ಪೆಟ್ಟಿಗೆಯೊಳಗೆ ಹಾಕಿ ಕೀಲಿ ತಿರುಗಿಸುತ್ತಾನೆ, ಬಂದ ಹೊತ್ತು ಅದರಲ್ಲಿ ಅಚ್ಚಾಗುತ್ತದೆ. ಭಾನುವಾರ ಸಂಜೆ ಗಡಿಯಾರದ ಪೆಟ್ಟಿಗೆಗಳನ್ನು ತಂದು ಎಲ್ಲರ ಎದುರು ತೆರೆಯುವುದು ನನ್ನ ಮೇಜಿನ ಮೇಲೆ. ಸಂಘದ ಬಾವುಟ, ನೀಲಿ ಮಖಮಲ್ಲಿನದು, ಬಂಗಾರದ ಜರಿ, ನಡುವೆ ರೆಕ್ಕೆ ಬಿಚ್ಚಿದ ಪಾರಿವಾಳ, ನನ್ನ ಗಲ್ಲಾದ ಹಿಂದೆ ಗಾಜಿನ ಬೀರುವಿನಲ್ಲಿ ಬೀಗ ಹಾಕಿಕೊಂಡು ನಿಂತಿರುತ್ತಿತ್ತು. ಸದಸ್ಯನೊಬ್ಬ ಸತ್ತರೆ ಮಾತ್ರ ಅದು ಹೊರಗೆ ಬರುವುದು. ಗುಂಡಿಯ ಬದಿಯಲ್ಲಿ ನಿಂತು, ಶವಪೆಟ್ಟಿಗೆಯ ಮೇಲೆ ಅದನ್ನು ಬಾಗಿಸಿದರೆ, ಆ ಮನುಷ್ಯ ನಮ್ಮವನು, ಮರ್ಯಾದಸ್ಥ ಎಂದು ಅರ್ಥ. ನಮ್ಮಲ್ಲಿ ಅದಿಲ್ಲದೆ ಮಣ್ಣಾಗುವುದೂ ಒಂದೇ, ನಾಯಿ ಸತ್ತಂತೆ ಸಾಯುವುದೂ ಒಂದೇ.

ಸಿಡೋನಿಯ ಗಂಡ ಓಡಿಲ್ ಹಾಗೆ ಮಣ್ಣಾದ.

ಸಿಡೋನಿ ಶಾಲೆ ಬಿಟ್ಟ ವರ್ಷವೇ ಅಗಸೆ ನಾರಿನ ಗಿರಣಿಗೆ ಸೇರಿದವಳು. ನದಿಯಲ್ಲಿ ಕೊಳೆಸಿದ ಅಗಸೆಯ ನಾತ ಅವಳ ಕೂದಲಿನಿಂದ ಮದುವೆಯ ದಿನವೂ ಹೋಗಿರಲಿಲ್ಲವಂತೆ. ಓಡಿಲ್‌ಗೆ ಅದು ಗೊತ್ತಾಗುತ್ತಿರಲಿಲ್ಲ, ಅವನೂ ಅದೇ ಗಿರಣಿಯವನು. ಮಕ್ಕಳಾಗಲಿಲ್ಲ. ಹಿತ್ತಿಲಲ್ಲಿ ಹಲಗೆ ಹೊಡೆದು ಪಾರಿವಾಳದ ಗೂಡು ಕಟ್ಟಿದರು. ಭಾನುವಾರಗಳಲ್ಲಿ ಇಬ್ಬರೂ ಪಕ್ಕಪಕ್ಕ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತ ಕೂರುತ್ತಿದ್ದರು. ಅಷ್ಟು ಸುಖವಾಗಿ ಕೂತಿದ್ದ ಗಂಡ ಹೆಂಡಿರನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಂದು ವರ್ಷ, ಫ್ರಾನ್ಸಿನ ಆರ್ಲಿಯನ್ಸ್ ಊರಿನಿಂದ ಹಾರಿಸುವ ಪಂದ್ಯದಲ್ಲಿ, ಓಡಿಲ್‌ನ ಬೂದು ಹೆಣ್ಣು ಹಕ್ಕಿ ಎಲ್ಲಕ್ಕಿಂತ ಮೊದಲು ಬಂತು. ಉಂಗುರ ಬಿಚ್ಚಿ ಗಡಿಯಾರಕ್ಕೆ ಹಾಕಿ, ಕೀಲಿ ತಿರುಗಿಸಿ, ಕುಣಿಯುತ್ತ ನನ್ನ ಅಂಗಡಿಗೆ ಬಂದ. ಸಂಜೆ ಪೆಟ್ಟಿಗೆ ತೆರೆಯಲು ಕೂತಾಗ ಅಧ್ಯಕ್ಷ ಜೆರೋಮ್ ಓಡಿಲ್‌ನ ಪೆಟ್ಟಿಗೆಯನ್ನು ದೀಪಕ್ಕೆ ಹಿಡಿದು ಎತ್ತಿದ. ಬೀಗದ ಮೇಲಿನ ಸೀಸದ ಮುದ್ರೆ ಒಡೆದಿತ್ತು. ಮುದ್ರೆ ಒಡೆದಿದೆ ಎಂದರೆ ಗಡಿಯಾರದ ಮುಳ್ಳಿಗೆ ಕೈ ಹಾಕಿದ್ದಾನೆ ಎಂದು ಲೆಕ್ಕ. "ಕಳ್ಳರಿಗೆ ಇಲ್ಲಿ ಜಾಗ ಇಲ್ಲ," ಅಂದ ಜೆರೋಮ್. ಬಹುಮಾನ ಎರಡನೆಯವನಿಗೆ ಹೋಯಿತು. ಎರಡನೆಯವನು ಜೆರೋಮ್.

ಅಷ್ಟಕ್ಕೇ ನಿಲ್ಲಲಿಲ್ಲ. ಓಡಿಲ್ ಮುಖ ತೋರಿಸಲಾರದೆ ಪಾರಿವಾಳಗಳನ್ನೆಲ್ಲ ಹರಾಜಿಗೆ ಇಟ್ಟಾಗ, ಆ ಬೂದು ಹೆಣ್ಣನ್ನು ಕೊಂಡವನೂ ಜೆರೋಮೇ. ಮರುವರ್ಷದ ಚಳಿಗಾಲ ಓಡಿಲ್ ಹಾಸಿಗೆ ಹಿಡಿದ, ಮತ್ತೆ ಏಳಲಿಲ್ಲ. ವೈದ್ಯರು ಎದೆ ಎಂದರು. ನಾನು ಅವಮಾನ ಎನ್ನುತ್ತೇನೆ. ಸಿಡೋನಿ ನನ್ನ ಅಂಗಡಿಯ ಹೊಸ್ತಿಲಲ್ಲಿ ನಿಂತು, ಒಳಗೆ ಬಾರದೆ, ಬಾವುಟ ಕೇಳಿದಳು. ಜೆರೋಮ್ ಬಿಯರ್ ಲೋಟದಿಂದ ಬಾಯಿ ತೆಗೆಯದೆ ಬೇಡ ಎಂದು ಕೈ ಆಡಿಸಿದ. ಅಂದಿನಿಂದ ಅವಳು ನನ್ನ ಮುಂಬಾಗಿಲು ದಾಟಿರಲಿಲ್ಲ.

ಹತ್ತು ಹನ್ನೆರಡು ವರ್ಷ ಕಳೆಯಿತು. ಜೆರೋಮ್‌ನ ಗೂಡಿನಲ್ಲಿ ಆ ಬೂದು ಹೆಣ್ಣಿನ ಮೊಮ್ಮಗನೊಂದು ಎದ್ದುನಿಂತಿತು. ಕಡುಕಪ್ಪು, ಎದೆ ಅಗಲ. ಕರಿಯ ಎಂದು ಹೆಸರು. ಹಾರಿದಲ್ಲೆಲ್ಲ ಗೆದ್ದುಬರುತ್ತಿತ್ತು. ಓಡಿಲ್‌ನ ಹಕ್ಕಿಯ ರಕ್ತದಿಂದ ಜೆರೋಮ್ ಮೀಸೆ ತಿರುವುವುದನ್ನು ನೋಡಿದಾಗಲೆಲ್ಲ ನನಗೇ ಹೊಟ್ಟೆ ಉರಿಯುತ್ತಿತ್ತು. ಸಿಡೋನಿಗೆ ಹೇಗಾಗಿರಬೇಡ?

ಹೀಗಿರುವಾಗ ಆ ಚಳಿಗಾಲ ಮಹಿಳಾ ಸಂಘದವರು ವರ್ಷದ ಪ್ರವಾಸದ ಜವಾಬ್ದಾರಿಯನ್ನು ಸಿಡೋನಿಯ ತಲೆಗೆ ಕಟ್ಟಿದರು. ಒಂದು ದಿನ, ಒಂದು ಬಸ್ಸು, ಒಂದು ಊರು. ಅವಳು ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಳು. ಮರುದಿನ ನನ್ನ ಹಿಂಬಾಗಿಲಿಗೆ ಬಂದು, ಸಭೆಗೆ ಕಾಫಿ ಕಾಯಿಸುವ ದೊಡ್ಡ ಪಾತ್ರೆ ಬೇಕೆಂದಳು. ಪಾತ್ರೆ ಕೊಡಲು ನಾನು ಬಗ್ಗಿದಾಗ ಅವಳು ಗೋಡೆಯ ಮೇಲಿದ್ದ ಪಾರಿವಾಳ ಪಂದ್ಯಗಳ ಕ್ಯಾಲೆಂಡರ್ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ನನಗೆ ವಿಷಯ ಅರ್ಥವಾಗಲಿಲ್ಲ, ಆದರೆ ಏನೋ ಬೇಯುತ್ತಿದೆ ಎಂಬ ವಾಸನೆ ಬಂತು.

ಸಭೆ ನಡೆದದ್ದು ನನ್ನ ಹಿಂದಿನ ಕೋಣೆಯಲ್ಲಿ. ಕಾಫಿ, ಒಣದ್ರಾಕ್ಷಿಯ ಬ್ರೆಡ್ಡು, ಇಪ್ಪತ್ತು ಹೆಂಗಸರ ಇಪ್ಪತ್ತು ಆಸೆ.

"ಸಮುದ್ರಕ್ಕೆ ಹೋಗೋಣ ಕಣ್ರೇ," ಅಂದಳು ಹಾಲಿನ ಫ್ಲೋರಾ. "ಒಂದ್ಸಲ ಕಾಲಾದ್ರೂ ನೆನೆಸ್ಕೋಬಹುದು."

"ನಿನ್ನ ಕಾಲು ಮನೇಲೇ ನೆನೆಸ್ಕೋ ಫ್ಲೋರಾ. ಲೋಕಕ್ಕೆಲ್ಲ ಯಾಕೆ ತೋರಿಸ್ತೀಯ?" ಅಂದಳು ಸಿಡೋನಿ.

"ಹಾಗಾದ್ರೆ ಗೆಂಟ್ ಊರಿಗೆ? ಅಲ್ಲಿ ಅಂಗಡಿಗಳು ಚೆನ್ನಾಗಿವೆಯಂತೆ."

"ಗೆಂಟ್‌ನವರು ಕೊರಳಿಗೆ ನೇಣು ಹಾಕ್ಕೊಂಡು ಬರಿಗಾಲಲ್ಲಿ ಚಕ್ರವರ್ತಿ ಮುಂದೆ ನಡೆದೋರು. ತಪ್ಪಾಯ್ತು ಅಂತ ಕೇಳ್ಕೊಂಡೋರ ಊರಿಗೆ ನಾನಂತೂ ಬರಲ್ಲ."

ಪಾದ್ರಿಗಳು ಗಂಟಲು ಸರಿಮಾಡಿಕೊಂಡು, "ಯಾವುದಾದರೂ ಪುಣ್ಯಕ್ಷೇತ್ರ ನೋಡಬಹುದಿತ್ತು, ಸಿಡೋನಿ," ಅಂದರು.

"ಅದಕ್ಕೇ ಬ್ರೂಜ್ ಅಂತಿರೋದು ಪಾದ್ರಿಗಳೇ. ಶಿಲುಬೆ ಮೇಲೆ ಸುರಿದ ಸ್ವಾಮಿಯ ರಕ್ತವೇ ಅಲ್ಲಿ ಗಾಜಿನ ಕುಪ್ಪಿಯಲ್ಲಿದೆ. ಅದಕ್ಕಿಂತ ಪುಣ್ಯ ಇನ್ನೆಲ್ಲಿ ಸಿಗತ್ತೆ ಹೇಳಿ."

ಅದಕ್ಕೆ ಪಾದ್ರಿಗಳಾದರೂ ಏನು ಹೇಳುತ್ತಾರೆ? ಊರು ಗೊತ್ತಾಯಿತು. ಇನ್ನು ದಿನ. "ಜುಲೈ ತಿಂಗಳ ಮೊದಲನೇ ಭಾನುವಾರ," ಅಂದಳು.

"ಅಯ್ಯೋ, ಅವತ್ತು ಆರ್ಲಿಯನ್ಸ್ ಪಂದ್ಯ ಕಣೇ! ಗಂಡಸರು ನಮ್ಮನ್ನ ಬಿಡ್ತಾರಾ?"

"ಬಿಡದೆ ಏನು? ಅವತ್ತು ಬೆಳಗಿಂದ ಸಂಜೆವರೆಗೂ ಕತ್ತು ಮೇಲಕ್ಕೆತ್ತಿ ಕೂತಿರ್ತಾರೆ. ಊಟ ಬೇಡ, ನೀರು ಬೇಡ, ಹೆಂಡ್ತಿ ಇದ್ದಾಳೋ ಸತ್ತಳೋ ಬೇಡ. ಅದಕ್ಕಿಂತ ಒಳ್ಳೇ ದಿನ ನಿಮಗೆ ಸಿಗತ್ತಾ?"

ಕೋಣೆಯೆಲ್ಲ ನಗು. ಮೂಲೆಯಲ್ಲಿ ಹೆಣೆಯುತ್ತ ಕೂತಿದ್ದ ಒಬ್ಬಳು ಮಾತ್ರ ನಗಲಿಲ್ಲ. ಅವಳೇ ಹರ್ಮಿನಾ, ಜೆರೋಮ್‌ನ ಹೆಂಡತಿ. ಮದುವೆಯಾಗಿ ನಮ್ಮೂರಿಗೆ ಬಂದ ಮೇಲೆ ಒಂದು ಭಾನುವಾರವೂ ಊರು ಬಿಟ್ಟು ಹೋದವಳಲ್ಲ. ಬ್ರೂಜ್ ಅವಳ ತವರು. ಅವಳ ತಂಗಿ ಅಲ್ಲೇ ಒಂದು ಕಾನ್ವೆಂಟಿನಲ್ಲಿ ಸನ್ಯಾಸಿನಿ. ಹೊರಗೆ ಬರುವಂತಿಲ್ಲದ ಮಠ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಮೊದಲನೆಯ ಭಾನುವಾರ ಮಧ್ಯಾಹ್ನ, ಕಬ್ಬಿಣದ ಜಾಲರಿಯ ಆಚೆ ಬಂದು ಕೂರುತ್ತಾಳೆ, ಈಚೆಯಿಂದ ಮಾತಾಡಬಹುದು. ತಂಗಿ ಅಕ್ಕ ಒಬ್ಬರನ್ನೊಬ್ಬರು ನೋಡಿ ಎಷ್ಟು ಕಾಲವಾಗಿತ್ತೋ.

ಇದನ್ನೆಲ್ಲ ಸಿಡೋನಿ ವಿಚಾರಿಸಿ ಇಟ್ಟುಕೊಂಡಿದ್ದಳು. ಹೊರಡುವಾಗ ಹರ್ಮಿನಾಳ ಪಕ್ಕ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಅವತ್ತು ನಿನ್ನ ತಂಗಿ ಭೇಟಿಗೆ ಸಿಗೋ ದಿನ. ಕಾಲುವೆ ಸುತ್ತೋ ದೋಣಿ ಇಳಿದ್ರೆ ನಡೆದುಹೋಗೋಷ್ಟು ದೂರ," ಅಂದಳು.

ಹರ್ಮಿನಾಳ ಸೂಜಿ ನಿಂತಿತು. "ಇವರು ಬಿಡಲ್ಲ," ಅಂದಳು.

ಯಾಕೆ ಬಿಡುವುದಿಲ್ಲ ಎಂಬುದು ಸಿಡೋನಿಗೆ ಚೆನ್ನಾಗಿ ಗೊತ್ತಿತ್ತು. ಪಾರಿವಾಳದವರ ಹೆಂಡಿರಿಗೆ ಮಾತ್ರ ಗೊತ್ತಾಗುವ ಸಂಗತಿ ಅದು. ಭಾನುವಾರ ಜೆರೋಮ್‌ನ ಅಂಗಳದಲ್ಲಿ ನಾಲ್ಕು ಜನ ಗಂಡಸರು ಕುರ್ಚಿ ಹಾಕಿಕೊಂಡು, ಅವನ ಮಾತು ಕೇಳುತ್ತ, ಅವನ ಚುಟ್ಟಾ ಸೇದುತ್ತ ಕೂತಿರುತ್ತಿದ್ದರು. ಹಕ್ಕಿ ಕಂಡಿತೆಂದರೆ ಎಲ್ಲರ ಕಣ್ಣು ಮೇಲೆ. ಆಗ ನೀಲಿ ಏಪ್ರನ್ ತೊಟ್ಟ ಹರ್ಮಿನಾ ಗೂಡಿನ ಬಾಗಿಲಲ್ಲಿ ನಿಂತು, ಕಾಳಿನ ಡಬ್ಬಿಯನ್ನು ಎರಡು ಸಲ ಕುಲುಕಿ, ಬಾ ಬಾ ಬಾ ಎನ್ನುವುದನ್ನು ಯಾರೂ ನೋಡುತ್ತಿರಲಿಲ್ಲ. ಹಕ್ಕಿ ಇಳಿಯುತ್ತಿದ್ದುದು ಅವಳ ಕೈಗೆ. ಜೆರೋಮ್ ಎದ್ದು ಹೋಗಿ ಉಂಗುರ ಬಿಚ್ಚಿ ಗಡಿಯಾರದ ಕೀಲಿ ತಿರುಗಿಸುತ್ತಿದ್ದ. ಆಕಾಶದಿಂದ ಬರುವ ಹಕ್ಕಿ ಎಷ್ಟು ಬೇಗ ಬಂದರೇನು, ಸೂರಿನ ಮೇಲೆ ಕೂತುಬಿಟ್ಟರೆ ಉಂಗುರ ಗಡಿಯಾರಕ್ಕೆ ಬೀಳುವುದಿಲ್ಲ, ಪಂದ್ಯ ಹೋಯಿತು. ಸಿಡೋನಿ ರಸ್ತೆಯಲ್ಲಿ ಹೋಗುವಾಗ ಎಷ್ಟು ಭಾನುವಾರ ಇದನ್ನು ನೋಡಿದ್ದಳೋ. ಜೆರೋಮ್‌ನ ಬಲವೆಲ್ಲ ಇರುವುದು ಆ ಏಪ್ರನ್ನಿನಲ್ಲಿ ಎಂದು ಅವಳಿಗೆ ಮನದಟ್ಟಾಗಿತ್ತು. ಅವನನ್ನು ಕೆಡವಬೇಕೆಂದರೆ ಅವನನ್ನು ಮುಟ್ಟಬೇಕಿಲ್ಲ, ಹೆಂಡತಿಯನ್ನು ಒಂದು ದಿನ ಬಸ್ಸಿಗೆ ಹತ್ತಿಸಿದರೆ ಸಾಕು.

ಆದರೆ ಹತ್ತಿಸುವುದು ಹೇಗೆ? ಅದಕ್ಕೂ ಸಿಡೋನಿ ದಾರಿ ಹುಡುಕಿದ್ದಳು.

ಮೇ ತಿಂಗಳಲ್ಲಿ ಒಂದು ಭಾನುವಾರ, ಪೂಜೆ ಮುಗಿದು ಗಂಡಸರೆಲ್ಲ ನನ್ನ ಅಂಗಡಿಯಲ್ಲಿ ತುಂಬಿಕೊಂಡಿದ್ದಾಗ, ಮುಂಬಾಗಿಲು ತೆರೆದು ಸಿಡೋನಿ ಒಳಗೆ ಬಂದಳು. ಲೋಟ ಒರೆಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಬಾವುಟದ ಬೀರುವಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಬ್ರೂಜ್ ಪ್ರವಾಸದ ಕಾಗದವನ್ನು ಕಿಟಕಿಗೆ ಅಂಟಿಸಲು ಅಪ್ಪಣೆ ಕೇಳಿದಳು.

ಜೆರೋಮ್‌ಗೆ ಅವಳನ್ನು ಕಂಡರೆ ನಾಲಿಗೆ ತುರಿಸುತ್ತಿತ್ತು. "ಏನಮ್ಮಾ ಸಿಡೋನಿ, ಬ್ರೂಜ್‌ನಲ್ಲಿ ಹೊಸ ಗಂಡು ನೋಡೋಕೆ ಹೊರಟ್ಯಾ?" ಅಂದ. ಗಂಡಸರು ನಕ್ಕರು.

"ಇಲ್ಲ ಅಧ್ಯಕ್ಷರೇ, ಇದ್ದ ಒಬ್ಬನ್ನೇ ಮಣ್ಣು ಮಾಡಿ ಸಾಕಾಗಿದೆ," ಅಂದಳು ಮೆತ್ತಗೆ. "ಊರ ಹೆಂಗಸರೆಲ್ಲ ಬರ್ತಿದ್ದಾರೆ. ನಿಮ್ಮ ಹರ್ಮಿನಾ ಒಬ್ಬಳು ಆಗಲ್ಲ ಅಂದಳು. ನಾನೂ ಬಲವಂತ ಮಾಡಲಿಲ್ಲ. ಪಾಪ, ನಿಮಗೆ ತೊಂದರೆ ಆಗತ್ತೆ."

"ನನಗೇನು ತೊಂದರೆ?"

"ಅಲ್ಲ, ಆರ್ಲಿಯನ್ಸ್ ಪಂದ್ಯದ ದಿನ. ಅವಳಿಲ್ಲದಿದ್ರೆ ಕರಿಯನ್ನ ಇಳಿಸೋರು ಯಾರು?"

ಯಾರೋ ಹಿಂದಿನಿಂದ ಬಿಯರ್ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದ. ಜೆರೋಮ್‌ನ ಕತ್ತು ಕೆಂಪಗಾಯಿತು. "ಇಳಿಸೋದಾ? ಅವಳಾ? ಅವಳು ಹಿಕ್ಕೆ ಬಾಚೋಳು! ಹಕ್ಕಿ ತಿದ್ದಿದೋನು ನಾನು!"

"ನಾನೂ ಹಾಗೇ ಅಂದೆ ಅಧ್ಯಕ್ಷರೇ. ಅಷ್ಟು ದೊಡ್ಡ ಮನುಷ್ಯರು, ಹೆಂಡತಿ ಸೆರಗಲ್ಲಿ ಪಂದ್ಯ ಗೆಲ್ತಾರಾ, ಸುಮ್ನಿರ್ರೇ ಅಂದೆ. ಜನದ ಬಾಯಿ ಮುಚ್ಚಕ್ಕಾಗತ್ತಾ?"

"ಬರ್ಕೋ ಅವಳ ಹೆಸ್ರು!" ಜೆರೋಮ್ ಮೇಜು ಗುದ್ದಿದ ಏಟಿಗೆ ನನ್ನ ಎರಡು ಲೋಟ ಉರುಳಿದವು. "ಬರ್ಕೋ ಅಂದೆ! ಅವತ್ತು ಇಡೀ ಊರೇ ಬಂದು ನೋಡಲಿ, ಕರಿಯ ಯಾರ ಹಕ್ಕಿ ಅಂತ!"

ಸಿಡೋನಿ ಕಾಗದ ಅಂಟಿಸಿ, ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ, ಎಲ್ಲರಿಗೂ ನಮಸ್ಕಾರ ಹೇಳಿ ಹೋದಳು. ಆಗ ನನಗೆ ಪೂರ್ತಿ ಅರ್ಥವಾಯಿತು. ಬಾಯಿ ಬಿಡಲಿಲ್ಲ. ಬಿಡುವುದಕ್ಕೆ ನನಗೇನು ಹುಚ್ಚೇ? ಅಂಥ ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಜುಲೈ ಬಂತು. ಪೂಜೆ ಮುಗಿಸಿಕೊಂಡು ಬಸ್ಸು ಹೊರಟಾಗ ಇಬ್ಬನಿ ಇನ್ನೂ ಆರಿರಲಿಲ್ಲ. ಹರ್ಮಿನಾ ಟೋಪಿ ಹಾಕಿ, ಉಬ್ಬಿದ ಕೈಚೀಲವನ್ನು ಎದೆಗೆ ಅವುಚಿಕೊಂಡು ಬಂದಳು. ಸಿಡೋನಿ ಅವಳನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ, ದಾರಿಗೆ ಅಡ್ಡವಾಗಿ ತಾನು ಕೂತಳು, ಮನಸ್ಸು ಬದಲಾಯಿಸಿ ಇಳಿದುಹೋಗದಿರಲಿ ಎಂದು.

ನಾನು ಹೋಗಲಿಲ್ಲ. ಬ್ರೂಜ್ ಎಲ್ಲಿಗೂ ಓಡಿಹೋಗುವುದಿಲ್ಲ, ಇದು ಮತ್ತೆ ಸಿಗುವಂಥದ್ದಲ್ಲ. ರೇಡಿಯೋದಲ್ಲಿ ಪಾರಿವಾಳದ ಸುದ್ದಿ ಬಂತು. ಆರ್ಲಿಯನ್ಸ್‌ನಲ್ಲಿ ಬುಟ್ಟಿ ತೆರೆದಾಯಿತು, ಗಾಳಿ ದಕ್ಷಿಣದ್ದು. ಜೆರೋಮ್ ಕರೆದಿದ್ದ ಕಾರಣ ಊರಿಗೂರೇ ಅವನ ಅಂಗಳದ ಬೇಲಿಗೆ ಒರಗಿ ನಿಂತಿತ್ತು. ಅವನ ಮನೆ ಚರ್ಚಿನ ಪಕ್ಕಕ್ಕೇ, ಎದುರಿಗೇ ನನ್ನ ಅಂಗಡಿ, ನಾನು ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡೆ.

ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ದಕ್ಷಿಣದಲ್ಲಿ ಒಂದು ಚುಕ್ಕೆ. ಕರಿಯ! ಸುತ್ತಲ ಹತ್ತು ಊರಿಗೆ ಮೊದಲ ಹಕ್ಕಿ. ರೆಕ್ಕೆ ಮಡಚಿ ನೇರ ಬಂತು, ಗೂಡಿನ ಮೇಲೆ ಒಂದು ಸುತ್ತು ಹಾಕಿತು, ಕೆಳಗೆ ನೋಡಿತು, ಹೋಗಿ ಮನೆಯ ಸೂರಿನ ತುದಿಗೆ ಕೂತಿತು.

ಜೆರೋಮ್ ಡಬ್ಬಿ ಕುಲುಕಿದ. ಕರಿಯ ಕತ್ತು ಓರೆ ಮಾಡಿತು. ಮತ್ತೆ ಕುಲುಕಿದ, ಶಿಳ್ಳೆ ಹಾಕಿದ. ಕರಿಯ ರೆಕ್ಕೆಯಡಿ ಕೊಕ್ಕು ಹಾಕಿ ಪುಕ್ಕ ಹೆಕ್ಕತೊಡಗಿತು. ಬೇಲಿಯ ಬಳಿ ಒಬ್ಬ ನಕ್ಕ. ಜೆರೋಮ್ ಒಳಗೆ ಓಡಿದ. ಹೊರಗೆ ಬಂದಾಗ ನಾನು ನನ್ನ ಕಣ್ಣನ್ನೇ ನಂಬಲಿಲ್ಲ. ಹೆಂಡತಿಯ ಹೂವಿನ ಏಪ್ರನ್ ಕಟ್ಟಿಕೊಂಡು, ಅವಳ ತಲೆವಸ್ತ್ರವನ್ನು ಗದ್ದದ ಕೆಳಗೆ ಗಂಟು ಹಾಕಿಕೊಂಡು, ಮೀಸೆಯ ಸಮೇತ, ಸಂಘದ ಅಧ್ಯಕ್ಷ ಗೂಡಿನ ಬಾಗಿಲಲ್ಲಿ ನಿಂತು, ಕೀರಲು ದನಿಯಲ್ಲಿ "ಬಾ ಬಾ ಬಾ, ಬಾರೋ ಮುದ್ದು" ಎನ್ನುತ್ತಿದ್ದ.

"ಅಧ್ಯಕ್ಷರೇ, ತುಟಿಗೆ ಬಣ್ಣ ಬೇಕಾದ್ರೆ ಹೇಳಿ, ನನ್ನ ಹತ್ರ ಇದೆ!" ಎಂದು ನಾನು ಮೆಟ್ಟಿಲ ಮೇಲಿಂದ ಕೂಗಿದೆ. ಕೂಗಬಾರದಿತ್ತೋ ಏನೋ. ಆದರೂ ಕೂಗಿದೆ.

ಆ ನಗುವಿಗೆ ಹಕ್ಕಿ ಬೆಚ್ಚಿ ಚರ್ಚಿನ ಗೋಪುರಕ್ಕೆ ಹಾರಿತು. ಅಷ್ಟರಲ್ಲಿ ಮಿಕ್ಕ ಹಕ್ಕಿಗಳು ಕಾಣಿಸಿದವು, ಗಂಡಸರು ತಂತಮ್ಮ ಅಂಗಳಕ್ಕೆ ಓಡಿದರು; ವಾಲೇರ್‌ನ ಹಕ್ಕಿ ಬಂತು, ಕಟುಕನ ಹಕ್ಕಿ ಬಂತು, ಒಂದೊಂದಾಗಿ ಎಲ್ಲ ಅಂಗಳದಲ್ಲೂ ಗಡಿಯಾರದ ಕೀಲಿಗಳು ತಿರುಗಿದವು. ಜೆರೋಮ್ ಏಪ್ರನ್ ಬಿಚ್ಚಲೂ ಮರೆತು ಗೋಪುರ ನೋಡುತ್ತ ನಿಂತಿದ್ದ. "ಇಷ್ಟು ವರ್ಷ ಗೆದ್ದೋಳು ಹರ್ಮಿನಾ ಅನ್ನಿ," ಅಂದ ತನ್ನ ಕೀಲಿ ತಿರುಗಿಸಿ ಮರಳಿ ಬಂದ ವಾಲೇರ್, ಎಲ್ಲರಿಗೂ ಕೇಳುವಂತೆ. ವಾಲೇರ್ ಸಂಘದ ಕಾರ್ಯದರ್ಶಿ, ಬಹಳ ತೂಕದ ಮನುಷ್ಯ. ಕರಿಯ ಗೂಡು ಸೇರುವಾಗ ಅಂಗಳ ಖಾಲಿಯಾಗಿತ್ತು. ಅದರ ಕಾಲಿನ ಉಂಗುರಕ್ಕೆ ಬೆಲೆಯೇ ಉಳಿದಿರಲಿಲ್ಲ.

ಬ್ರೂಜ್‌ನಲ್ಲಿ ನಡೆದದ್ದನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದೆ, ಎರಡೂ ತಾಳೆಯಾದವು. ಮಧ್ಯಾಹ್ನದ ಹೊತ್ತಿಗೆ ಎಲ್ಲರನ್ನೂ ದೋಣಿಗೆ ಹತ್ತಿಸುವಂತೆ ಸಿಡೋನಿ ಏರ್ಪಾಟು ಮಾಡಿದ್ದಳು. ದೋಣಿಯಿಂದ ಯಾರೂ ಎದ್ದು ಹೋಗಲಾರರು ನೋಡಿ. ಕಾಲುವೆಯ ಎರಡೂ ಕಡೆ ಹಳೆಯ ಮನೆಗಳ ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಡೆಯ ತುದಿಗಳು, ನೀರಿನಲ್ಲಿ ಹಂಸಗಳು, ಗಂಟೆಗೋಪುರದಿಂದ ಸಂಗೀತ. ದೋಣಿಯವನು ಸೇತುವೆ ಬಂತು, ತಲೆ ತಗ್ಗಿಸಿ ಎಂದ. ಎಲ್ಲರೂ ತಲೆ ತಗ್ಗಿಸಿದಾಗ ಸಿಡೋನಿ ಹರ್ಮಿನಾಳ ಕಿವಿಯ ಹತ್ತಿರ ಬಾಯಿ ತಂದು, ವರ್ಷಗಳಿಂದ ಕೂಡಿಟ್ಟದ್ದನ್ನು ಹೊರಗೆ ಹಾಕಿದಳು.

"ಈಗ ನಿನ್ನ ಗಂಡ ಸೂರು ನೋಡ್ತಾ ಗೋಳಾಡ್ತಿರ್ತಾನೆ. ಊರೆಲ್ಲ ನಗ್ತಿರತ್ತೆ. ಅದಕ್ಕೇ ನಿನ್ನ ಕರ್ಕೊಂಡು ಬಂದದ್ದು. ತಂಗಿ ಭೇಟಿ ಬರೀ ನೆಪ. ಅಳ್ಬೇಕು ಅಂದ್ರೆ ಅಳು."

ಹರ್ಮಿನಾ ಅಳಲಿಲ್ಲ. ಸೇತುವೆ ದಾಟಿ ಬೆಳಕು ಬಂದಾಗ ಕೈಚೀಲ ತೆರೆದು ತೋರಿಸಿದಳು. ಒಳಗೆ ನೀಲಿ ಏಪ್ರನ್, ಇಸ್ತ್ರಿ ಮಾಡಿ ಮಡಚಿದ್ದು.

"ಗೊತ್ತಿತ್ತು ಸಿಡೋನಿ. ನೀನು ಮೊದಲನೇ ಭಾನುವಾರ ಅಂದ ದಿನವೇ ಗೊತ್ತಾಯ್ತು. ಇದನ್ನ ಮನೇಲಿ ಬಿಟ್ಟಿದ್ರೆ ಅವರು ಹಾಕ್ಕೊಂಡುಬಿಡ್ತಿದ್ರು. ಹಕ್ಕಿ ಮೋಸಹೋಗ್ತಿತ್ತು. ಹೂವಿನದನ್ನ ಮೊಳೆಗೆ ನೇತುಹಾಕಿ ಬಂದೆ."

ಸಿಡೋನಿ ಏಪ್ರನ್ನಿನ ಅಂಚನ್ನು ಬೆರಳಿನಿಂದ ಹಿಡಿದು ನೋಡಿದಳಂತೆ. ಯಾಕೆ ಎಂದಷ್ಟೇ ಕೇಳಿದಳು.

"ಓಡಿಲ್‌ನ ಪೆಟ್ಟಿಗೆ ಮುದ್ರೆ ಒಡೆದೋರು ನಮ್ಮ ಮನೆಯವರೇ. ಮಾರ್ಥಾಳ ಹಿತ್ತಲಲ್ಲಿ, ಸೈಕಲ್ಲುಗಳ ಹಿಂದೆ, ಇಕ್ಕಳ ಹಿಡ್ಕೊಂಡು. ಪೆಟ್ಟಿಗೆಗಳನ್ನ ಒಳಗೆ ಸಾಗಿಸ್ತಿದ್ದಾಗ. ನಾನು ಊಟಕ್ಕೆ ಕರೆಯೋಕೆ ಬಂದಿದ್ದೆ. ನೋಡಿದೆ. ನಾನು ನೋಡಿದ್ದನ್ನ ಅವರೂ ನೋಡಿದ್ರು."

ಸಿಡೋನಿ ಅವಳ ತೋಳನ್ನು ಹಿಡಿದ ಹಿಡಿತಕ್ಕೆ ದೋಣಿ ಓಲಾಡಿತಂತೆ. "ಇಷ್ಟು ವರ್ಷ ಬಾಯಲ್ಲಿ ಏನು ತುಂಬ್ಕೊಂಡಿದ್ಯೇ? ನನ್ನ ಗಂಡ ಕಳ್ಳ ಅಂತ ಅನ್ನಿಸ್ಕೊಂಡು ಸತ್ತ. ನೀನು ಅವನ ಮಣ್ಣಿಗೆ ಬಂದು ನಿಂತಿದ್ದೆ! ನನ್ನ ಕೈ ಹಿಡ್ಕೊಂಡಿದ್ದೆ!"

"ಹೆದರಿಕೆ ತುಂಬ್ಕೊಂಡಿದ್ದೆ," ಅಂದಳು ಹರ್ಮಿನಾ. "ಏಟು ತಿಂದೋಳಿಗೆ ಗೊತ್ತು."

"ಇವತ್ತು ಸಂಜೆ ಹೇಳ್ತೀಯ. ಎಲ್ಲರ ಮುಂದೆ."

"ಹೇಳ್ತೀನಿ. ಮೊದಲು ತಂಗೀನ ನೋಡಿಬಿಡ್ತೀನಿ."

ಜಾಲರಿಯ ಆಚೆ ತಂಗಿ, ಈಚೆ ಅಕ್ಕ. ಸಿಡೋನಿ ಬಾಗಿಲಲ್ಲಿ ಕಾವಲು ನಿಂತಿದ್ದಳು, ಒಳಗೆ ಹೋಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಜಪಮಾಲೆ ಹೇಳುವಾಗಲೂ ಸಿಡೋನಿ ಕಿಟಕಿಯ ಕಡೆ ನೋಡುತ್ತ ಕೂತಿದ್ದಳಂತೆ.

ಸಂಜೆ ನನ್ನ ಅಂಗಡಿಯಲ್ಲಿ ಪೆಟ್ಟಿಗೆಗಳನ್ನು ತೆರೆಯುವ ಹೊತ್ತು. ಜೆರೋಮ್ ಮೂಲೆಯಲ್ಲಿ ಕೂತಿದ್ದ, ಯಾರೂ ಅವನ ಪಕ್ಕ ಕೂತಿರಲಿಲ್ಲ. ಮುಂಬಾಗಿಲು ತೆರೆದು ಹರ್ಮಿನಾ ಬಂದಳು, ಹಿಂದೆ ಬಸ್ಸಿನ ಹೆಂಗಸರೆಲ್ಲ, ಎಲ್ಲರಿಗಿಂತ ಹಿಂದೆ ಸಿಡೋನಿ.

"ಎಲ್ಲೇ ಹಾಳಾಗಿ ಹೋಗಿದ್ದೆ? ಏಪ್ರನ್ ಎಲ್ಲಿ?" ಎಂದು ಎದ್ದ ಜೆರೋಮ್.

ಹರ್ಮಿನಾ ಏಪ್ರನ್ ತೆಗೆದು ಗಡಿಯಾರಗಳ ನಡುವೆ ಇಟ್ಟಳು. ಆಮೇಲೆ ದೋಣಿಯಲ್ಲಿ ಹೇಳಿದ್ದನ್ನು ಹೇಳಿದಳು. ದನಿ ಎತ್ತಲಿಲ್ಲ. ಸೈಕಲ್ಲು, ಇಕ್ಕಳ, ಸೀಸ.

"ಹೆಂಗಸಿಗೆ ಬಿಸಿಲು ತಲೆಗೇರಿದೆ," ಅಂದ ಜೆರೋಮ್, ನಗುವುದಕ್ಕೆ ನೋಡಿದ. ಮಧ್ಯಾಹ್ನ ಅಷ್ಟು ನಕ್ಕಿದ್ದ ಊರು ಈಗ ನಗಲಿಲ್ಲ. ನನಗೆ ಆ ಸೈಕಲ್ಲುಗಳ ಹಿಂದೆ ಅವನು ನಿಂತಿರುವುದೇ ಕಣ್ಣಿಗೆ ಕಟ್ಟಿ ಮೈಯೆಲ್ಲ ಉರಿಯಿತು. "ನನ್ನ ಹಿತ್ತಲಲ್ಲಿ!" ಅಂದೆ. "ನನ್ನ ಬಿಯರ್ ಕುಡಿದು, ನನ್ನ ಹಿತ್ತಲಲ್ಲಿ! ಎದ್ದು ಹೋಗು ಇಲ್ಲಿಂದ." ಅವನು ಬಾಗಿಲ ತನಕ ಹೋದ, ಹೆಂಗಸರು ದಾರಿ ಬಿಡಲಿಲ್ಲ, ಅಲ್ಲೇ ನಿಂತ.

ವಾಲೇರ್ ಬೀಗದ ಕೈ ತೆಗೆದುಕೊಂಡು ಗಾಜಿನ ಬೀರು ತೆರೆದ. ಎರಡೂ ಕೈಯಲ್ಲಿ ಬಾವುಟ ಎತ್ತಿಕೊಂಡ. ಅವನ ಕಣ್ಣು ತುಂಬಿತ್ತು. "ಸಿಡೋನಿ, ತಪ್ಪಾಯ್ತಮ್ಮ. ನಾಳೆ ಬೆಳಗ್ಗೆ ನಾವೆಲ್ಲ ಓಡಿಲ್ ಹತ್ರ ಹೋಗೋಣ. ಇದನ್ನ ಬಾಗಿಸ್ತೀವಿ."

ಅವಳು ಮುಂದೆ ಬಂದು ಜರಿಯನ್ನು ಒಂದು ಬೆರಳಿನಿಂದ ಮುಟ್ಟಿದಳು. ಅಳುತ್ತಾಳೆ ಎಂದುಕೊಂಡೆ, ನಾನಾಗಲೇ ಅಳುತ್ತಿದ್ದೆ.

"ಓಡಿಲ್‌ಗೆ ಈಗ ಇದ್ಯಾಕೆ?" ಅಂದಳು. "ಅವನು ಮಣ್ಣಾಗಿ ಹೋದ. ನೋಡೋಕೆ ಅವನಿಗೆ ಕಣ್ಣಿಲ್ಲ. ಒಳಗಿಡಿ. ಈ ಜೆರೋಮ್ ಒಂದಿನ ಸಾಯ್ತಾನಲ್ಲ, ಅವತ್ತೂ ಇದು ಹೊರಗೆ ಬರಬಾರದು. ನನಗೆ ಬೇಕಾದ್ದು ಅಷ್ಟೇ."

ವಾಲೇರ್ ಬಾವುಟ ಒಳಗಿಟ್ಟು ಬೀಗ ಹಾಕಿದ. ಎಲ್ಲರೂ ಹರ್ಮಿನಾಳನ್ನು ನೋಡಿದರು, ಎಷ್ಟಾದರೂ ಗಂಡ. ಹರ್ಮಿನಾ ಕೈ ಚಾಚಿದಳು. "ಬೀಗದ ಕೈ ನನ್ನ ಹತ್ರ ಇರಲಿ," ಅಂದಳು.

ಜೆರೋಮ್ ಇನ್ನೂ ಏಳೆಂಟು ವರ್ಷ ಬದುಕಿದ. ಹರ್ಮಿನಾ ಅವನ ಮನೆಯಲ್ಲೇ ಇದ್ದಳು, ಹಕ್ಕಿಗಳನ್ನು ತನ್ನ ಹೆಸರಿನಲ್ಲೇ ಹಾರಿಸಿದಳು, ಗೆದ್ದಳು. ಅವನ ಕೈ ಅವಳ ಮೇಲೆ ಮತ್ತೆ ಏಳಲಿಲ್ಲ. ಆ ಮನೆಯ ಬಾಗಿಲಲ್ಲಿ ಯಾವ ಹೊತ್ತಿನಲ್ಲಿ ಸಿಡೋನಿ ನಿಂತಿರುತ್ತಾಳೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ಪ್ರತಿ ಚಳಿಗಾಲವೂ ಅವಳು ಬೇಲಿಯ ಬಳಿ ನಿಂತು, "ಕೆಮ್ಮು ಹೇಗಿದೆ ಜೆರೋಮ್?" ಎಂದು ಕೇಳುತ್ತಿದ್ದಳು. ಅಷ್ಟು ಕಾಳಜಿಯಿಂದ ಅವನನ್ನು ವಿಚಾರಿಸುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಅವನನ್ನು ಮಣ್ಣು ಮಾಡಿದ ದಿನ ಸಣ್ಣಗೆ ಹಿಮ ಬೀಳುತ್ತಿತ್ತು. ಸಿಡೋನಿ ಬ್ರೂಜ್‌ಗೆ ಹೋಗುವಾಗ ಹೊಲಿಸಿದ್ದ ಕೋಟು ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದು, ಗುಂಡಿಯ ಎದುರಿಗೇ ನಿಂತಿದ್ದಳು. ಪೆಟ್ಟಿಗೆ ಇಳಿಸುವ ಮುಂಚೆ ವಾಲೇರ್ ತಡೆಯಲಾರದೆ ಹರ್ಮಿನಾಳ ಪಕ್ಕ ಬಗ್ಗಿದ. "ಸತ್ತೋರಲ್ವಾ ಹರ್ಮಿನಾ. ಈಗಲೂ ಓಡಿಹೋಗಿ ತರ್ತೀನಿ. ಬೀಗದ ಕೈ ಕೊಡು," ಅಂದ.

ಹರ್ಮಿನಾಳ ಕೈ ಕೈಚೀಲದ ಒಳಗೆ ಹೋಯಿತು. ಅಲ್ಲೇ ನಿಂತಿತು. ಗುಂಡಿಯ ಆಚೆಗಿದ್ದ ಸಿಡೋನಿಯ ಕಡೆ ಅವಳು ನೋಡಿದಳು.

ಸಿಡೋನಿ ಬೇಡ ಎಂದು ತಲೆ ಅಲ್ಲಾಡಿಸಿದಳು. ಪಾದ್ರಿಗಳು ಪ್ರಾರ್ಥನೆ ಶುರುಮಾಡಿದರು.